ಕಲಿಯೋಕೆ ಬಂದವರಿಗೆ ಸಂಬಳ ಯಾಕೆ?

ಡಿಗ್ರಿ ಮುಗಿಸಿ, ಅಪ್ಪನ ಜೊತೆ ಜಗಳ ಆಡಿ, ಬೆಂಗಳೂರು ಬಸ್ಸು ಹತ್ತಿ ಗಾಂಧಿನಗರದಲ್ಲಿ ಬಂದಿಳಿಯುವ ಹುಡುಗ ಹುಡುಗಿಯರಿಗೆ ದಾರಿ ತೋರಿಸುವವರು ಕಡಿಮೆ. ಹಾಗಾಗಿ ಅಸಿಸ್ಟೆಂಟ್ ಡೈರೆಕ್ಟರ್ ಆಗುವ ಆಸೆಯುಳ್ಳವರಿಗೆ ಪುಕ್ಕಟೆಯಾಗಿ ನಾಲ್ಕು ಮಾತು ಹೇಳುತ್ತಿದ್ದೇನೆ. ಪುಕ್ಕಟೆ ಅನ್ನುವುದಕ್ಕೆ ಈಗಿನಿಂದಲೇ ಒಗ್ಗಿಕೊಂಡರೆ ಒಳ್ಳೆಯದು.

ಮೊದಲ ಭೇಟಿಯಲ್ಲಿ ಸಂಬಳದ ಮಾತು ಎತ್ತಬೇಡಿ. ಎತ್ತಿದರೋ, ಚಪ್ಪಲಿ ಹಾಕಿಕೊಂಡು ಗರ್ಭಗುಡಿಗೆ ನುಗ್ಗಿದವನನ್ನು ಅರ್ಚಕರು ನೋಡುವ ಹಾಗೆ ಡೈರೆಕ್ಟರ್ ನಿಮ್ಮನ್ನು ನೋಡುತ್ತಾರೆ. "ದುಡಿಯೋಕ್ ಬಂದಿದ್ಯೋ, ಕಲಿಯೋಕ್ ಬಂದಿದ್ಯೋ?" ಎಂದು ಕೇಳುತ್ತಾರೆ. ಇದಕ್ಕೆ ಇರುವುದು ಒಂದೇ ಉತ್ತರ. ಅದನ್ನು ಕೊಟ್ಟ ಮರುಕ್ಷಣ ಪುಟ್ಟಣ್ಣ ಕಣಗಾಲ್ ಮಾತಿಗೆ ಬರುತ್ತಾರೆ. ಪುಟ್ಟಣ್ಣ ಬಿ.ಆರ್. ಪಂತುಲು ಹತ್ತಿರ ಅಸಿಸ್ಟೆಂಟ್ ಆಗಿದ್ರು, ಗೊತ್ತಾ? 1972ರಲ್ಲಿ 'ಬಂಗಾರದ ಮನುಷ್ಯ' ಕೊಟ್ಟ ಸಿದ್ದಲಿಂಗಯ್ಯ ಮೈಸೂರಿನ ನವಜ್ಯೋತಿ ಸ್ಟುಡಿಯೋದಲ್ಲಿ ಫ್ಲೋರ್ ಬಾಯ್ ಆಗಿದ್ರು, ಗೊತ್ತಾ? ರಿಷಬ್ ಶೆಟ್ಟಿ ನೀರಿನ ಕ್ಯಾನ್ ಮಾರ್ತಿದ್ರು, ಕ್ಲಾಪ್ ಹೊಡೀತಿದ್ರು, ಗೊತ್ತಾ? ಎಲ್ಲಾ ನಿಜವೇ. ಈ ಮೂವರ ಹೆಸರು ಹೇಳಿ ಗಾಂಧಿನಗರ ಉಳಿಸಿಕೊಂಡಿರುವ ಸಂಬಳವನ್ನೆಲ್ಲ ಒಟ್ಟು ಹಾಕಿದರೆ ಒಂದು ಪ್ಯಾನ್ ಇಂಡಿಯಾ ಸಿನಿಮಾ ತೆಗೆಯಬಹುದು. ಕ್ಲಾಪ್ ಹೊಡೆದು ಹೊಡೆದು ಸುಸ್ತಾಗಿ, ಊರಿಗೆ ಮರಳಿ ಅಡಿಕೆ ವ್ಯಾಪಾರಕ್ಕೆ ಕೂತವರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅವರಿಂದ ಕಲಿಯುವಂಥದ್ದು ಏನೂ ಇಲ್ಲವಲ್ಲ.

ಕೆಲಸ ಸಿಕ್ಕಿತು ಅನ್ನಿ. ಮುಹೂರ್ತದ ದಿನ ಕ್ಲಾಪ್ ಬೋರ್ಡು ಯಾರಾದರೂ ಮಂತ್ರಿಯ ಕೈಯಲ್ಲಿರುತ್ತದೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ತಂದವರು ನೀವೇ ಆದರೂ, ಫೋಟೋಗ್ರಾಫರ್ ನಿಮ್ಮನ್ನು "ಸ್ವಲ್ಪ ಸೈಡಿಗೆ ಬನ್ನಿ" ಅನ್ನುತ್ತಾನೆ. ಬನ್ನಿ. ಎರಡನೇ ದಿನದಿಂದ ಬೋರ್ಡು ನಿಮ್ಮದೇ, ಬಿಸಿಲೂ ನಿಮ್ಮದೇ.

ಸಿನಿಮಾ ಸಿಗದಿದ್ದರೆ ಸೀರಿಯಲ್ಲಿಗೆ ಹೋಗಿ. ಅಲ್ಲಿ ಕೆಲಸಕ್ಕಂತೂ ಬರವಿಲ್ಲ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಸುಮಾರು 22 ನಿಮಿಷದ ಸರಕು ಬೇಕು, ವಾರದಲ್ಲಿ ಐದಾರು ದಿನ ಬೇಕು. ಬೆಳಿಗ್ಗೆ ಏಳಕ್ಕೆ ಯೂನಿಟ್ ಬಂದಿರುತ್ತದೆ, ಸೀನ್ ಪೇಪರ್ ಬಂದಿರುವುದಿಲ್ಲ. ಹತ್ತೂವರೆಗೆ ವಾಟ್ಸಾಪಿನಲ್ಲಿ ಇಳಿದ ಡೈಲಾಗುಗಳನ್ನು ಯಾರಿಗೂ ಬಾಯಿಪಾಠ ಮಾಡಲು ಪುರುಸೊತ್ತಿಲ್ಲ. ಅದಕ್ಕೇ ನೀವಿರುವುದು. ಕ್ಯಾಮೆರಾ ಕೆಳಗೆ ಕುಕ್ಕರುಗಾಲಲ್ಲಿ ಕೂತು "ಇನ್ನೊಂದು ಕ್ಷಣವೂ ನಾನು ಈ ಮನೆಯಲ್ಲಿ ಇರಲಾರೆ" ಎಂದು ನೀವು ಪ್ರಾಂಪ್ಟ್ ಮಾಡಬೇಕು, ಸೊಸೆ ಅದನ್ನೇ ಅಳುತ್ತಾ ಹೇಳುತ್ತಾಳೆ. ಅಳುವುದಕ್ಕೆ ಅವಳಿಗೆ ಗ್ಲಿಸರಿನ್ ಬೇಕು. ನಿಮಗೆ ಬೇಕಾಗಲಿಕ್ಕಿಲ್ಲ.

ಇನ್ನು ಕಂಟಿನ್ಯುಟಿ. ಅತ್ತೆಯ ತಾಳಿ ಸೆರಗಿನ ಒಳಗಿತ್ತೋ ಹೊರಗಿತ್ತೋ, ಲೋಟದಲ್ಲಿ ಕಾಫಿ ಎಷ್ಟು ಉಳಿದಿತ್ತು, ಹಣೆಯ ಬ್ಯಾಂಡೇಜು ಎಡಕ್ಕೋ ಬಲಕ್ಕೋ, ಎಲ್ಲವೂ ನಿಮ್ಮ ತಲೆಯಲ್ಲಿರಬೇಕು. ಬಾಗಿಲು ಬಡಿಯುವ ಶಾಟ್ ಮಂಗಳವಾರ ತೆಗೆದರೆ ಬಾಗಿಲು ತೆಗೆಯುವ ಶಾಟ್ ಮುಂದಿನ ಸೋಮವಾರ. ಅಷ್ಟರಲ್ಲಿ ಅತ್ತೆ ಬ್ಯೂಟಿ ಪಾರ್ಲರಿಗೆ ಹೋಗಿ ಹುಬ್ಬು ತಿದ್ದಿಸಿಕೊಂಡು ಬಂದಿರುತ್ತಾರೆ. ಆ ಹುಬ್ಬಿಗೂ ನೀವೇ ಜವಾಬ್ದಾರರು. ಗೋಡೆ ಮೇಲಿನ ಫೋಟೋಗೆ ಹಾರ ಹಾಕಿಸಿಕೊಂಡಿದ್ದ ಮಾವ ಟಿಆರ್‌ಪಿ ಬಿದ್ದಾಗ ಎದ್ದು ಬಂದರೆ ಅದಕ್ಕೆ ರೋಚಕ ತಿರುವು ಅನ್ನುತ್ತಾರೆ. ಎದ್ದು ಬಂದ ಮಾವನ ವಾಚು ಎಡಗೈಯಿಂದ ಬಲಗೈಗೆ ಹೋಗಿದ್ದರೆ ಮಾತ್ರ ಅದು ಅಸಿಸ್ಟೆಂಟಿನ ಬೇಜವಾಬ್ದಾರಿ.

ಸೆಟ್ಟಿನಲ್ಲಿ ಕೂರಬೇಡಿ. ಕುರ್ಚಿ ಖಾಲಿ ಇದೆ ಅನ್ನುವುದು ಕೂರಲು ಕಾರಣವಲ್ಲ, ಅದು ಇನ್ನೂ ಬಂದಿಲ್ಲದ ಯಾರದ್ದೋ ಕುರ್ಚಿ. ಹುಡುಗಿಯರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು: ಔಟ್‌ಡೋರ್ ಇದ್ದ ದಿನ ನೀರು ಕಡಿಮೆ ಕುಡಿಯಿರಿ. ಕ್ಯಾರವಾನಿನ ಟಾಯ್ಲೆಟ್ ಹೀರೋಯಿನ್ನಿನದು. ಸಕಲೇಶಪುರದ ಮಂಜು ಮಾತ್ರ ಎಲ್ಲರದೂ.

ಕೈಯಲ್ಲಿ ಸ್ವಲ್ಪ ದುಡ್ಡಿರಲಿ. ನಿಮ್ಮ ಖರ್ಚಿಗಲ್ಲ, ಪ್ರೊಡಕ್ಷನ್ ಖರ್ಚಿಗೆ. ಶಾಟ್ ರೆಡಿ ಆದ ಮೇಲೆ ಮದುಮಗಳ ಜಡೆಗೆ ಹೂವಿಲ್ಲ ಅನ್ನುವುದು ನೆನಪಾಗುತ್ತದೆ. ಮ್ಯಾನೇಜರ್ ಜೇಬು ಮುಟ್ಟಿ ನೋಡಿಕೊಂಡು, "ಈಗ ನೀನ್ ಹಾಕಿರು ಮಗಾ, ಬಿಲ್ ಇಟ್ಕೊ, ಸೆಟ್ಲ್ ಮಾಡ್ತೀನಿ" ಅನ್ನುತ್ತಾರೆ. ನೀವು ಓಡಿಹೋಗಿ ಎರಡು ಮೊಳ ಮಲ್ಲಿಗೆ ತರುತ್ತೀರಿ. ಬೀದಿ ಬದಿಯ ಹೂವಿನಮ್ಮ ಬಿಲ್ ಕೊಡುವುದಿಲ್ಲ ಅನ್ನುವುದು ಮ್ಯಾನೇಜರಿಗೆ ಚೆನ್ನಾಗಿ ಗೊತ್ತು.

ಬಾಕಿ ಸಂಬಳಕ್ಕೂ ಒಂದು ಕ್ರಮವಿದೆ. ಮೊದಲು ಕುಂಬಳಕಾಯಿ ಒಡೀಲಿ ಅನ್ನುತ್ತಾರೆ. ಒಡೆದ ಮೇಲೆ ಡಬ್ಬಿಂಗ್ ಮುಗೀಲಿ, ಸೆನ್ಸಾರ್ ಆಗ್ಲಿ, ರಿಲೀಸ್ ಆಗ್ಲಿ, ಓಟಿಟಿಯವರು ಸೈನ್ ಮಾಡ್ಲಿ. ಚಿತ್ರ ಮಕಾಡೆ ಮಲಗಿದರೆ "ಪಾಪ, ಪ್ರೊಡ್ಯೂಸರ್ ಸೈಟ್ ಮಾರ್ಕೊಂಡಿದಾರೆ, ಈಗ ಹೆಂಗಪ್ಪಾ ಕೇಳೋದು?" ಗೆದ್ದರೆ ಇನ್ನೂ ಕಷ್ಟ. ಸಕ್ಸಸ್ ಮೀಟಿನ ವೇದಿಕೆಯಲ್ಲಿ ಹೀರೋಗೆ ಕಾರಿನ ಕೀ ಕೊಡುವಾಗ ನಿಮ್ಮ ಹನ್ನೆರಡು ಸಾವಿರ ನೆನಪಿಸಿದರೆ ಸಂತೋಷದ ಮನೆಯಲ್ಲಿ ಅಪಶಕುನ ನುಡಿದ ಹಾಗೆ. ಸುಮ್ಮನೆ ಚಪ್ಪಾಳೆ ತಟ್ಟಿ. ಸಿನಿಮಾದ ಹೆಸರಿರುವ ಟೀ ಶರ್ಟ್ ಕೊಟ್ಟಿರುತ್ತಾರೆ, ಅದು ಯಾವಾಗಲೂ ಒಂದು ಸೈಜು ದೊಡ್ಡದು.

ಕಾನೂನು ಇಲ್ಲವೇ ಎಂದು ಕೇಳುವ ಬುದ್ಧಿವಂತರೂ ನಿಮ್ಮಲ್ಲಿರಬಹುದು. ಇದೆ. 1981ರಲ್ಲೇ ಸಿನಿ ಕಾರ್ಮಿಕರಿಗೆಂದು ಕೇಂದ್ರ ಸರ್ಕಾರ ಕಾಯ್ದೆ ಮಾಡಿ, ಲಿಖಿತ ಒಪ್ಪಂದ ಇಲ್ಲದೆ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂದಿತು. 2020ರಲ್ಲಿ ಅದನ್ನು ಕಾರ್ಮಿಕ ಸಂಹಿತೆಯೊಳಗೆ ಸೇರಿಸಿ ಸೀರಿಯಲ್ಲಿನವರನ್ನೂ ಒಳಗೆ ಕರೆದುಕೊಂಡಿತು. 2024ರಲ್ಲಿ ಕರ್ನಾಟಕ ಸರ್ಕಾರವೂ ಹಿಂದೆ ಬೀಳಲಿಲ್ಲ. ಸಿನಿಮಾ ಟಿಕೆಟ್ಟಿನ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ, ಆ ಹಣದಲ್ಲಿ ಸಿನಿಮಾದವರ ಕಲ್ಯಾಣ ಮಾಡುವುದಾಗಿ ಶಾಸನ ಮಾಡಿತು. ಕಲ್ಯಾಣ ಆಗಬೇಕಾದರೆ ನೀವು ಕೆಲಸ ಮಾಡಿದ್ದೀರಿ ಎಂದು ಮೊದಲು ಯಾರಾದರೂ ಒಪ್ಪಬೇಕಲ್ಲ. ಸದ್ಯಕ್ಕೆ ನಿಮ್ಮ ಬಳಿ ಇರುವ ದಾಖಲೆ ಟೈಟಲ್ ಕಾರ್ಡು ಮಾತ್ರ. 'ನಿರ್ದೇಶನ ತಂಡ' ಎಂಬ ತಲೆಬರಹದಡಿ ಒಂಬತ್ತು ಹೆಸರು ಬಂದು, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತವೆ. ಮಂಜುನಾಥ ಇದ್ದವನು ಅದರಲ್ಲಿ ಮುಂಜುನಾಥ ಆಗಿರುತ್ತಾನೆ.

ಧೈರ್ಯವಿದ್ದರೆ ಆ ಕಾರ್ಮಿಕ ಸಂಹಿತೆಯನ್ನು ಓದಿಕೊಂಡು, ಊಟದ ಬ್ರೇಕಿನಲ್ಲಿ ಮ್ಯಾನೇಜರ್ ಅನ್ನ ಸಾರು ಕಲಸುತ್ತಿರುವ ಹೊತ್ತು ನೋಡಿ ಕೇಳಿ. ಅವರೇನೂ ಬಯ್ಯುವುದಿಲ್ಲ.

"ಅಗ್ರಿಮೆಂಟಾ? ಮಾಡ್ಕೊಳ್ಳಣ ಬಿಡು, ಅದಕ್ಕೇನಂತೆ. ನಾಳೆ ಬರೋವಾಗ ಒಂದ್ ಬಾಂಡ್ ಪೇಪರ್ ತಗೊಂಡ್ ಬಾ. ದುಡ್ಡು ಈಗ ನೀನ್ ಹಾಕಿರು ಮಗಾ, ಬಿಲ್ ಇಟ್ಕೊ."