ಇನ್ನೊಂದೇ ಒಂದು ಬಟನ್

ವೆಬ್ ಆ್ಯಪ್ ಕಟ್ಟುವವರ ಪಂಚಾಂಗದಲ್ಲಿ ಇರುವುದು ಒಂದೇ ಮುಹೂರ್ತ: ಮುಂದಿನ ವಾರ. ಲಾಗಿನ್ ಪುಟ ಆಯಿತು, ಆದರೆ ಪಾಸ್‌ವರ್ಡ್ ಮರೆತವರ ಗತಿ? ಅದೂ ಆಯಿತು, ಡಾರ್ಕ್ ಮೋಡ್ ಇಲ್ಲದಿದ್ದರೆ ಯಾರು ಮೂಸಿ ನೋಡುತ್ತಾರೆ? ಅದೂ ಮುಗಿಯಿತು, ಬಟನ್ನಿನ ನೀಲಿ ಯಾಕೋ ಮಂಕಾಗಿದೆ. ಒಬ್ಬ ಬಳಕೆದಾರನೂ ಇಲ್ಲದ ಆ್ಯಪ್‌ಗೆ ಹತ್ತು ಲಕ್ಷ ಜನ ಒಟ್ಟಿಗೆ ನುಗ್ಗಿದರೂ ತಡೆಯುವ ಸರ್ವರ್ ಸಿದ್ಧವಾಗುತ್ತದೆ. ಇದನ್ನು ಪರಿಪೂರ್ಣತೆಯ ಹಂಬಲ ಎನ್ನುವುದು ರೂಢಿ. ನನಗೆ ಕಾಣುವುದು ಬರೀ ಅಳುಕು. ಯಾರೂ ನೋಡದ ಆ್ಯಪನ್ನು ಯಾರೂ ಬೈಯುವುದಿಲ್ಲವಲ್ಲ!

ಮನೆ ಕಟ್ಟಿಸುವವರು ಈ ವಿಷಯದಲ್ಲಿ ಜಾಣರು. ಗೋಡೆಗೆ ಬಣ್ಣವಿಲ್ಲ, ಕಿಟಕಿಗೆ ಗಾಜಿಲ್ಲ, ಆದರೂ ಹೊಸಿಲು ಪೂಜೆ ಮಾಡಿ, ಒಲೆ ಹಚ್ಚಿ, ಹಾಲು ಉಕ್ಕಿಸಿ ಗೃಹಪ್ರವೇಶ ಮುಗಿಸುತ್ತಾರೆ. ಆ್ಯಪ್‌ಗೂ ಇಷ್ಟೇ ಸಾಕೆಂಬುದು ನನ್ನ ವಾದ. ಯಾವುದಾದರೂ ಒಂದು ಕೆಲಸ, ಪಕ್ಕದಲ್ಲಿ ಕೂತು ಯಾರೂ ಹೇಳಿಕೊಡದೆ, ಮೊದಲಿಂದ ಕೊನೆಯವರೆಗೆ ಸಾಗಿದ ದಿನವೇ ಅದನ್ನು ಹೊರಗಿನವರಿಗೆ ತೋರಿಸಬೇಕು. ಗೂಗಲ್‌ನ ಪಾಲ್ ಬಕ್‌ಹೈಟ್ 2001ರಲ್ಲಿ ಸಹೋದ್ಯೋಗಿಗಳ ಮುಂದಿಟ್ಟ ಜಿಮೇಲ್‌ನ ಮೊದಲ ರೂಪಕ್ಕೆ ಬರುತ್ತಿದ್ದದ್ದು ಒಂದೇ ವಿದ್ಯೆ: ಬಕ್‌ಹೈಟ್‌ರದೇ ಮೇಲ್‌ಗಳಲ್ಲಿ ಹುಡುಕುವುದು. ನೋಡಿದವರು, ಚೆನ್ನಾಗಿದೆ, ಆದರೆ ನಿಮ್ಮ ಮೇಲ್ ಬದಲು ನಮ್ಮ ಮೇಲ್ ಹುಡುಕಿಕೊಟ್ಟರೆ ಇನ್ನೂ ಚೆನ್ನ ಎಂದರಂತೆ. ಮುಂದಿನ ಹೆಜ್ಜೆ ಯಾವುದೆಂದು ಅಲ್ಲೇ ಗೊತ್ತಾಯಿತು. 2004ರ ಏಪ್ರಿಲ್ 1ರಂದು ಆಹ್ವಾನವಿದ್ದವರಿಗಷ್ಟೇ ಬಾಗಿಲು ತೆರೆದ ಜಿಮೇಲ್ ‘ಬೀಟಾ’, ಅಂದರೆ ಇನ್ನೂ ಪ್ರಯೋಗದಲ್ಲಿದೆ, ಎಂಬ ಚೀಟಿಯನ್ನು ಕಿತ್ತದ್ದು 2009ರ ಜುಲೈಯಲ್ಲಿ. ಚೀಟಿ ಅಂಟಿಸಿದ ದಿನ ಹುಟ್ಟಿದ ಮಗು ಅಷ್ಟರಲ್ಲಿ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೊರಟಿತ್ತು.

ಮೊದಲ ನೋಟದಲ್ಲೇ ಹೆಸರು ಕೆಟ್ಟರೆ ಎನ್ನುವವರಿದ್ದಾರೆ. ಕೆಡುತ್ತದೆ, ಊರಿಗೆಲ್ಲ ಡಂಗುರ ಸಾರಿಸಿದ್ದರೆ. ಗೂಗಲ್‌ಗಿಂತ ಹೆಚ್ಚು ಪುಟಗಳು ತನ್ನಲ್ಲಿವೆ ಎಂದು 2008ರ ಜುಲೈಯಲ್ಲಿ ಅಬ್ಬರದಿಂದ ಬಂದ ಕೂಲ್ ಎಂಬ ಹುಡುಕುಯಂತ್ರ ಮೊದಲ ದಿನವೇ ಮುಗ್ಗರಿಸಿ ನಗೆಪಾಟಲಾಯಿತು, 2010ರಲ್ಲಿ ಮುಚ್ಚಿತು. ಅದು ಬೇಗ ತೋರಿಸಿದ್ದರ ಫಲವಲ್ಲ, ಎಲ್ಲರಿಗೂ ಒಟ್ಟಿಗೆ ತೋರಿಸಿದ್ದರ ಫಲ. ಬಳಕೆಯ ತೊಡಕುಗಳಲ್ಲಿ ನೂರಕ್ಕೆ ಸುಮಾರು 85ರಷ್ಟನ್ನು ಐದೇ ಜನ ಬಯಲಿಗೆಳೆಯುತ್ತಾರೆ ಎಂದು ಬಳಕೆಯೋಗ್ಯತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಲೆಕ್ಕ ಕೊಟ್ಟಿದ್ದರು. ಆ ಸಂಖ್ಯೆಯ ಬಗ್ಗೆ ಪಂಡಿತರಲ್ಲಿ ತಕರಾರಿದೆ, ಇರಲಿ. ಐವರು ಮೂಗು ಮುರಿದರೆ ಕಂಪನಿ ಮುಳುಗುವುದಿಲ್ಲ. ಒಬ್ಬ ಮನುಷ್ಯ ಒಂದು ಆ್ಯಪನ್ನು ಮೊದಲ ಸಲ ನೋಡುವುದು ಒಂದೇ ಸಲ, ಹಾಗಾಗಿ ಪರಿಚಯದವರನ್ನೆಲ್ಲ ಒಂದೇ ದಿನ ಖರ್ಚು ಮಾಡಬಾರದು ಅಷ್ಟೆ.

ತಮಗೆ ಏನು ಬೇಕೆಂದು ಜನಕ್ಕೇ ಗೊತ್ತಿರುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ನಿಜ. ಅದಕ್ಕೇ ಕೇಳಬಾರದು, ನೋಡಬೇಕು. ನಮ್ಮ ಜನರ ದಾಕ್ಷಿಣ್ಯ ಸಾಮಾನ್ಯವಲ್ಲ. ‘ಹೇಗಿದೆ?’ ಎಂದರೆ ‘ತುಂಬಾ ಚೆನ್ನಾಗಿದೆ ಸಾರ್’ ಎಂದು ಹೇಳಿ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಬೆರಳು ಎಲ್ಲಿ ತಡವರಿಸಿತು, ನೆನಪಿಸದೆಯೂ ಮರುದಿನ ಯಾರು ಬಂದರು ಎನ್ನುವುದಕ್ಕೆ ದಾಕ್ಷಿಣ್ಯವಿಲ್ಲ. ಯಾರನ್ನು ಕರೆದೆವು ಎನ್ನುವುದೂ ಮುಖ್ಯ. ಗೂಗಲ್ ವೇವ್‌ಗೆ 2009ರ ಸೆಪ್ಟೆಂಬರ್‌ನಲ್ಲಿ ಸುಮಾರು ಒಂದು ಲಕ್ಷ ಜನರಿಗೆ ಆಹ್ವಾನ ಹೋಯಿತು. ಅದು ನಾಲ್ಕು ಜನ ಕೂಡಿ ಬಳಸುವ ಸಾಧನ. ಒಳಗೆ ಬಂದ ಎಷ್ಟೋ ಜನರಿಗೆ ಮಾತಾಡಲು ಪರಿಚಯದವರೇ ಇರಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಗೂಗಲ್ ಆ ಕೆಲಸವನ್ನೇ ನಿಲ್ಲಿಸಿತು. ಸಂಘದ ಲೆಕ್ಕ ಬರೆಯುವ ಆ್ಯಪ್ ಮಾಡಿದವರು ಐದು ಸಂಘಗಳ ಖಜಾಂಚಿಗಳನ್ನು ಕರೆಯುವ ಬದಲು ಒಂದೇ ಸಂಘವನ್ನು ಇಡಿಯಾಗಿ ಕರೆಯಲಿ.

ಒಂದು ವಿಷಯದಲ್ಲಿ ಮಾತ್ರ ತಡಮಾಡುವವರ ಪಕ್ಷ ನನ್ನದು. ಅಂದಗೇಡಿ ಆ್ಯಪನ್ನು ಜನ ಕ್ಷಮಿಸುತ್ತಾರೆ, ಬರೆದಿಟ್ಟ ಲೆಕ್ಕ ನುಂಗುವ ಆ್ಯಪನ್ನಲ್ಲ. ದುಡ್ಡು, ಔಷಧಿ ಮುಟ್ಟುವ ಆ್ಯಪ್‌ಗಳಿಗಂತೂ ಈ ಎಚ್ಚರ ದುಪ್ಪಟ್ಟು ಬೇಕು. ಬ್ಯಾಕಪ್ ತೆಗೆದರೆ ಸಾಲದು, ಅದನ್ನು ಮರಳಿ ಹಾಕಿ ನೋಡಬೇಕು. ಅಷ್ಟಾದ ಮೇಲೆ ಐವರಿಗೆ ಲಿಂಕ್ ಕಳಿಸಲು ಯಾವ ಬೆಳಗಾದರೂ ಆದೀತು. ಶುಕ್ರವಾರ ಸಂಜೆ ಮಾತ್ರ ಬೇಡ. ದೋಷ ಕಾಣಿಸಿಕೊಳ್ಳುವ ಹೊತ್ತಿಗೆ ರಿಪೇರಿ ಮಾಡುವವನು ಊರಿನ ಬಸ್ಸು ಹತ್ತಿರುತ್ತಾನೆ.