ಯಳಂದೂರು ಸೀಮೆಯ ಓವರ್‌ಕ್ಲಾಕಿಂಗ್ ಪರಂಪರೆ: ಒಂದು ಸಂಶೋಧನ ಪ್ರಬಂಧ

ಯಳಂದೂರು ಸೀಮೆಯ ಕಾವ್ಯ, ಶಿಲ್ಪ, ಜಹಗೀರುಗಳ ಬಗ್ಗೆ ಅಧ್ಯಯನಗಳು ಬಂದಿವೆ. ಇಲ್ಲಿನ ಓವರ್‌ಕ್ಲಾಕಿಂಗ್ ಪರಂಪರೆಯತ್ತ ಮಾತ್ರ ವಿದ್ವಾಂಸರು ಕಣ್ಣು ಹಾಯಿಸದಿರುವುದು ವಿಷಾದದ ಸಂಗತಿ. ಆ ಕೊರತೆ ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರಬಂಧಕಾರನಿಗೆ ಡಾಕ್ಟರೇಟ್ ಇಲ್ಲ, ಸ್ಕ್ರೂಡ್ರೈವರ್ ಇದೆ.

ಮೊದಲು ಲಕ್ಷಣ. 2011ರ ಜನವರಿಯಲ್ಲಿ ಬಂದ ಇಂಟೆಲ್ ಕೋರ್ ಐ5-2500ಕೆ ಎಂಬ ಪ್ರೊಸೆಸರ್, 100 ಮೆಗಾಹರ್ಟ್ಸ್‌ನ ಮೂಲ ತಾಳವನ್ನು 33ರಿಂದ ಗುಣಿಸಿಕೊಂಡು 3.3 ಗಿಗಾಹರ್ಟ್ಸ್ ವೇಗದಲ್ಲಿ ನಡೆಯುತ್ತದೆ. ತುದಿಯಲ್ಲಿ ‘ಕೆ’ ಇದ್ದರೆ ಗುಣಕಕ್ಕೆ ಕಂಪನಿ ಬೀಗ ಹಾಕಿಲ್ಲವೆಂದು ತಿಳಿಯತಕ್ಕದ್ದು. ಆ 33ನ್ನು ಬಯಾಸ್‌ನಲ್ಲಿ 45 ಮಾಡುವುದೇ ಓವರ್‌ಕ್ಲಾಕಿಂಗ್. ಬೋರ್ಡು ಪಿ67 ಅಥವಾ ಝಡ್68ರಂಥದ್ದಾಗಿರಬೇಕು. ಎಚ್61 ಬೋರ್ಡಿನ ಮೇಲೆ ಇದೇ ಚಿಪ್ ಕೂರಿಸಿ ಎಷ್ಟು ಮಂಗಳಾರತಿ ಎತ್ತಿದರೂ ಗುಣಕ ಕದಲದು.

ಈ ಪರಂಪರೆಯ ಮೂಲಪುರುಷರು ದಿವಾನ್ ಪೂರ್ಣಯ್ಯನವರೆಂದು ನಾವು ಪ್ರತಿಪಾದಿಸುತ್ತೇವೆ. 1807ರಲ್ಲಿ ಅವರಿಗೆ ಯಳಂದೂರು ಜಹಗೀರಾಗಿ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ತಾಂತ್ರಿಕ ಕಾರಣವನ್ನು ಯಾರೂ ಕೆದಕಿಲ್ಲ. ಹೈದರ್ ಅಲಿ, ಟಿಪ್ಪು, ಮುಮ್ಮಡಿ ಕೃಷ್ಣರಾಜ ಒಡೆಯರು ಎಂದು ಮೂರು ಮದರ್‌ಬೋರ್ಡ್ ಬದಲಾದರೂ ಹ್ಯಾಂಗ್ ಆಗದೆ ನಡೆದ ಪ್ರೊಸೆಸರ್ ಅದು. ಎರಡೂ ಕೈಯಲ್ಲಿ ಬರೆಯುತ್ತಿದ್ದರೆಂಬ ಪ್ರತೀತಿಯನ್ನು ಒಪ್ಪಿದರೆ, ಡ್ಯುಯಲ್ ಕೋರ್ ಕೂಡ. ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುವ ಕೆಲಸದ ನಡುವೆಯೇ ‘ಹದಿಬದೆಯ ಧರ್ಮ’ ಬರೆದು ಮುಗಿಸಿದ ಸಂಚಿ ಹೊನ್ನಮ್ಮನೂ ಇದೇ ಊರಿನವಳು. ಅವಳನ್ನು ಮಲ್ಟಿಟಾಸ್ಕಿಂಗ್ ಕುರಿತ ಎರಡನೆಯ ಸಂಪುಟಕ್ಕೆ ಕಾದಿರಿಸಿದೆ. ಇನ್ನು ಗೌರೀಶ್ವರ ದೇವಾಲಯದ ಬಳೆಮಂಟಪ. ಕಲ್ಲಿನಲ್ಲಿ ಕಡೆದು ಒಂದಕ್ಕೊಂದು ಕೋದ ಬಳೆಗಳ ಸರಪಳಿಯನ್ನು ಕಲಾವಿಮರ್ಶಕರು ಶಿಲ್ಪಿಯ ಕೈಚಳಕ ಎಂದುಬಿಟ್ಟರು. ಅವರು ಹೀಟ್‌ಸಿಂಕ್ ನೋಡಿದವರಲ್ಲ. ಮೇಲ್ಮೈ ಹೆಚ್ಚಿಸಿ ಗಾಳಿಗೊಡ್ಡುವ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ. ತಾಮ್ರದ ಬದಲು ಕಲ್ಲು ಬಳಸಿದ್ದೊಂದೇ ನಮ್ಮ ಆಕ್ಷೇಪ.

ವೇಗ ಏರಿಸಲು ವೋಲ್ಟೇಜ್ ಬೇಕು, ವೋಲ್ಟೇಜ್ ಏರಿದರೆ ಕಾವು. ಚಿಪ್ ಸುಡುವ ವಿದ್ಯುತ್ತು ವೇಗ ಏರಿದಷ್ಟೇ ಏರುತ್ತದೆ. ವೋಲ್ಟೇಜಿನ ವಿಷಯದಲ್ಲಿ ಮಾತ್ರ ಅದರ ವರ್ಗದಷ್ಟು. 3.3ರಿಂದ 4.5ಕ್ಕೆ ಹೋಗಲು 1.2 ವೋಲ್ಟನ್ನು 1.35 ಮಾಡಿದಿರೆನ್ನಿ: ಶೇ. 36 ವೇಗಕ್ಕೆ ಶೇ. 73 ಹೆಚ್ಚು ಕಾವು. ಬಡ್ಡಿ ವ್ಯವಹಾರ ಬಲ್ಲ ಯಾರೂ ಈ ಸಾಲಕ್ಕೆ ಸಹಿ ಹಾಕುವುದಿಲ್ಲ. ಫ್ಯಾನು ಎಷ್ಟು ದೊಡ್ಡದಾದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಏಪ್ರಿಲ್ ಮಧ್ಯಾಹ್ನ ಶೀಟಿನ ಮಾಡಿನ ಕಂಪ್ಯೂಟರ್ ಸೆಂಟರಿನೊಳಗೆ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿ ಎರಡು ಪಂಥಗಳು ಹುಟ್ಟಿಕೊಂಡಿವೆ: ಕಂಪ್ಯೂಟರನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಸಾಗಿಸಬೇಕೆನ್ನುವ ಬೆಟ್ಟ ಪಂಥ, ಕೇಸಿನ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಡಬೇಕೆನ್ನುವ ಪೇಟೆ ಪಂಥ. ಬೆಟ್ಟದಲ್ಲಿ ತಂಪಿದೆ, ಗಿರಾಕಿಯಿಲ್ಲ. ಪೇಟೆ ಪಂಥವೇ ಗೆದ್ದಿದೆ, ಬೋರ್ಡಿನ ತುಂಬ ದೂಳಿನೊಂದಿಗೆ. 2022ರಲ್ಲಿ ದ್ರವ ಹೀಲಿಯಂ ಸುರಿದು ಪ್ರೊಸೆಸರನ್ನು 9 ಗಿಗಾಹರ್ಟ್ಸ್ ದಾಟಿಸಿದ ಪಾಶ್ಚಾತ್ಯ ಪಂಥವೂ ಒಂದಿದೆ. ಅದರಲ್ಲಿ ಆಧಾರ್ ಕಾರ್ಡ್ ಜೆರಾಕ್ಸ್ ತೆಗೆಯಲಾಗದ ಕಾರಣ ಚರ್ಚೆಗೆ ಯೋಗ್ಯವಲ್ಲ.

ದಿನಬಳಕೆಗೆ ನಿಲ್ಲುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. ಪರೀಕ್ಷಿಸಲು ಪ್ರೈಮ್95 ಇದೆ. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು ಮಾಡಿದ ತಂತ್ರಾಂಶ. ಅದರ ಚಿತ್ರಹಿಂಸೆ ಪರೀಕ್ಷೆ ಉತ್ತರ ಗೊತ್ತಿರುವ ಲೆಕ್ಕವನ್ನೇ ರಾತ್ರಿಯಿಡೀ ಮಾಡಿಸಿ ಎಲ್ಲಿ ತಪ್ಪಿತೆಂದು ಹಿಡಿಯುತ್ತದೆ. ಬೆಳಗಿನವರೆಗೆ ತಪ್ಪದೆ, ಕಾವು 80 ಡಿಗ್ರಿಯೊಳಗೆ ನಿಂತರೆ ಪಾಸು. ಆದರೂ ನೆಚ್ಚುವಂತಿಲ್ಲ. ಮೈಮುರಿ ಕೆಲಸದಲ್ಲಿ ಗಟ್ಟಿಯಾಗಿ ನಿಂತ ಚಿಪ್ಪು, ಸುಮ್ಮನಿದ್ದಾಗ ವೋಲ್ಟೇಜ್ ತೀರಾ ಇಳಿದು ಮಗುಚಿಕೊಳ್ಳುವುದುಂಟು. ನೀಲಿ ಪರದೆ ಬೀಳುವುದಕ್ಕೂ ಒಂದು ಮುಹೂರ್ತವಿದೆ: ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ ಲಗ್ನಪತ್ರಿಕೆ ಸೇವ್ ಆಗದಿದ್ದಾಗ.

ಸವಕಳಿಯ ವಿಚಾರ. ಬೆಟ್ಟದ ರಂಗನಾಥನಿಗೆ ಬೂದಿತಿಟ್ಟಿನವರು ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಚಪ್ಪಲಿ ಮಾಡಿ ಒಪ್ಪಿಸುತ್ತಾರೆ. ಕಾಡು ಸುತ್ತಿ ಸ್ವಾಮಿ ಅದನ್ನೂ ಸವೆಸುತ್ತಾನೆಂಬ ನಂಬಿಕೆ. ದೇವರ ಓಡಾಟಕ್ಕೇ ಸವಕಳಿ ತಪ್ಪಿಲ್ಲವೆಂದಮೇಲೆ ಚಿಪ್ಪಿನೊಳಗಿನ ತಾಮ್ರದ ಎಳೆ ಯಾವ ಲೆಕ್ಕ? ಹೆಚ್ಚಿನ ವೋಲ್ಟೇಜು, ಕಾವು ಸೇರಿದರೆ ಎಲೆಕ್ಟ್ರಾನುಗಳ ತಳ್ಳಾಟಕ್ಕೆ ಲೋಹದ ಪರಮಾಣುಗಳೇ ಜಾಗ ಬಿಡುತ್ತವೆ. ಆಮೇಲೆ ಹಳೆಯ ವೇಗಕ್ಕೂ ಹೆಚ್ಚು ವೋಲ್ಟೇಜ್ ಕೇಳುತ್ತದೆ. ಇದು ಹವ್ಯಾಸಿಗಳ ಪಾಡಷ್ಟೇ ಅಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಪ್ರೊಸೆಸರುಗಳು ಅತಿ ವೋಲ್ಟೇಜಿನಿಂದ ಕೆಟ್ಟು, 2024ರಲ್ಲಿ ಕಂಪನಿ ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು.

ಇಷ್ಟೆಲ್ಲ ಸಿದ್ಧಾಂತಕ್ಕೆ ಒಂದೇ ಪೂರ್ವಪಕ್ಷ ಎದುರಾಗಿದೆ. ಮಾಂಬಳ್ಳಿ ಕಡೆಯ ಹಿರಿಯರೊಬ್ಬರದು: “ಮಿಸನ್ನು ಜೋರಾಗದ ಅಂತೀರಿ ಸಾ, ಪಹಣಿ ಇನ್ನೂ ಬರ್ನಿಲ್ವಲ್ಲ?” 4.5 ಗಿಗಾಹರ್ಟ್ಸ್‌ನ ಪ್ರೊಸೆಸರ್ ಸೆಕೆಂಡಿಗೆ 450 ಕೋಟಿ ಬಾರಿ ತಾಳ ಹಾಕುತ್ತ ಕಾಯುತ್ತಿತ್ತು. ಪರದೆಯ ಮೇಲೆ ಚಕ್ರ ಸುತ್ತುತ್ತಿತ್ತು. ದೂರದ ಸರ್ವರ್ ಊಟಕ್ಕೆ ಹೋಗಿತ್ತು. ಈ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ.

ಆದ್ದರಿಂದ ನಿರ್ಣಯ: ಗುಣಕ 42ರಲ್ಲಿ ನಿಲ್ಲಿಸಿ, ಬೋರ್ಡಿನ ಆಟೋ ವೋಲ್ಟೇಜ್ ನಂಬದೆ ಪ್ರೈಮ್95 ತಪ್ಪು ತೋರಿಸದ ಅತಿ ಕಡಿಮೆ ವೋಲ್ಟೇಜ್ ಕೈಯಾರೆ ಹುಡುಕಿ. ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಮಿಕ್ಕ ದುಡ್ಡಿಗೆ ಒಂದು ಎಸ್‌ಎಸ್‌ಡಿ, ಯುಪಿಎಸ್‌ಗೊಂದು ಬ್ಯಾಟರಿ ತನ್ನಿ. ಪಹಣಿ ಬೇಕಾದವರು ಬೆಳಿಗ್ಗೆ ಬೇಗ ಬನ್ನಿ, ಆಗ ಸರ್ವರ್ ಬಿಡುವಾಗಿರುತ್ತದೆ.