ಹುರಿಬಿಚ್ಚು ಮೀಮಾಂಸೆ

ಜೀವಕೋಶದೊಳಗೆ ಡಿಎನ್‌ಎಯ ಜೋಡಿ ಎಳೆಗಳನ್ನು ಬಿಚ್ಚುವ ಕೀರ್ತಿ ಯಾವ ಕಿಣ್ವಕ್ಕೆ ಸಲ್ಲಬೇಕು ಎಂಬ ವಿಷಯದಲ್ಲಿ ಬೆಳಗಾವಿ ಜಿಲ್ಲೆಯ ಪಂಡಿತರು ನಾಲ್ಕು ಪಂಥವಾಗಿದ್ದಾರೆ. (ಐದನೆಯದಾದ ಗೋಕಾಕ ಪಂಥ, ಕರದಂಟು ಮುಗಿಸಿ ಬರುವುದಾಗಿ ಹೇಳಿ ಕಳಿಸಿದೆ.)

ಕಿತ್ತೂರಿನದು ವೀರಪಕ್ಷ. 1824ರಿಂದ ಈಚೆಗೆ, ಎದುರು ನಿಂತು ಕಾದಿದವರನ್ನು ಬಿಟ್ಟು ಬೇರೆ ಯಾರನ್ನೂ ಅದು ಲೆಕ್ಕಕ್ಕೆ ಹಿಡಿದದ್ದಿಲ್ಲ. ಆದ್ದರಿಂದ ಮಾಲೆ ಹೆಲಿಕೇಸಿಗೆ. ಬ್ಯಾಕ್ಟೀರಿಯಾದಲ್ಲಿ ಆರು ಪ್ರೋಟೀನುಗಳು ಕೂಡಿದ ಈ ಉಂಗುರ ಒಂದೆಳೆಯನ್ನು ಒಳಗೆ ತೂರಿಸಿಕೊಂಡು, ಇನ್ನೊಂದನ್ನು ಹೊರಗೆ ತಳ್ಳುತ್ತ, ನಡುವಿನ ಹೈಡ್ರೋಜನ್ ಬಂಧಗಳನ್ನು ಬಿಡಿಸುತ್ತ ಮುನ್ನುಗ್ಗುತ್ತದೆ. ಬೈಲಹೊಂಗಲದವರು ಹತ್ತಿ ಪೇಟೆಯ ಮಂದಿ. ಶೌರ್ಯ ಇರಲಿ, ಖರ್ಚು ಯಾರದು ಎಂದರು. ಎಟಿಪಿಯದು, ಹೆಜ್ಜೆ ಹೆಜ್ಜೆಗೂ ರೋಖ, ಉದ್ರಿ ಇಲ್ಲ ಎಂದು ಗೊತ್ತಾದ ಮೇಲೆ ಸಮಾಧಾನಪಟ್ಟರು. ಇಲ್ಲಿಗೆ ಪೂರ್ವಪಕ್ಷ.

ತರ್ಕ ಶುರುವಾದದ್ದು ಸವದತ್ತಿಯಿಂದ. ಯಲ್ಲಮ್ಮನ ಜಾತ್ರೆಗೆ ಬಂದ ಚಕ್ಕಡಿಯೊಂದರ ಎರಡೆಳೆ ಹಗ್ಗ ತರಿಸಿ, ಒಂದು ತುದಿಯನ್ನು ಗಾಲಿಗೆ ಕಟ್ಟಿ, ಇನ್ನೊಂದು ತುದಿಯ ಎಳೆಗಳನ್ನು ಎರಡೂ ಕೈಯಿಂದ ಅಗಲಿಸಿದರು. ಮೊಳದಷ್ಟು ಬಿಚ್ಚುವುದರೊಳಗೆ ಮುಂದಿನ ಹಗ್ಗ ಹುರಿ ಏರಿ, ಮುರಿಗೆ ಬಿದ್ದು ಕೂತಿತು. ಡಿಎನ್‌ಎಗೂ ಇದೇ ಗತಿ. ಸುಮಾರು ಹತ್ತೂವರೆ ಬೇಸ್ ಜೋಡಿಗೆ ಒಂದು ಸುತ್ತು, ಇ. ಕೋಲೈ ಬ್ಯಾಕ್ಟೀರಿಯಾ ನಕಲು ಮಾಡುವುದು ಸೆಕೆಂಡಿಗೆ ಹತ್ತಿರ ಹತ್ತಿರ 1000 ಜೋಡಿ. ಅಂದರೆ ಪ್ರತಿ ಸೆಕೆಂಡಿಗೂ ತೊಂಬತ್ತಕ್ಕೆ ಮಿಕ್ಕಿದ ಸುತ್ತು ಮುಂದೆ ಬಿಗಿಯುತ್ತದೆ. ಹೆಲಿಕೇಸಿನ ಶೌರ್ಯಕ್ಕೆ ಅಲ್ಲೇ ಕಡಿವಾಣ. ಪಾರುಮಾಡುವವು ಟೊಪೊಐಸೊಮರೇಸುಗಳು, ಈ ಕುಲದ ಮೊದಲ ಕಿಣ್ವವನ್ನು ಜೇಮ್ಸ್ ವಾಂಗ್ 1971ರಲ್ಲಿ ವರದಿ ಮಾಡಿದರು. ಎಳೆಯನ್ನು ಕತ್ತರಿಸು, ಹುರಿ ಇಳಿಸು, ಮತ್ತೆ ಬೆಸೆ: ಇಷ್ಟೇ ಅವುಗಳ ಸೂತ್ರ.

ರಾಮದುರ್ಗದ ನೇಕಾರ ಪಂಥ ನಕ್ಕುಬಿಟ್ಟಿತು. ಕತ್ತರಿಸಿದ ಮೇಲೆ ಗಂಟು ಬೇಡವೇ? ಗಂಟೆಲ್ಲಿ, ತೋರಿಸಿ! ಈ ಆಕ್ಷೇಪವೇ ನಾಲ್ಕರಲ್ಲಿ ತೂಕದ್ದು ಎಂಬುದು ಈ ಲೇಖಕನ ಮತ. ಗಂಟಿಲ್ಲ, ಏಕೆಂದರೆ ಕಿಣ್ವ ಕತ್ತರಿಸಿದ ತುದಿಯನ್ನು ಕೈಬಿಡುವುದೇ ಇಲ್ಲ. ತನ್ನ ಟೈರೊಸಿನ್ನಿಗೆ ಅಂಟಿಸಿಕೊಂಡೇ ಇರುತ್ತದೆ. ಆ ಗಳಿಗೆಯಲ್ಲಿ ಅಡ್ಡ ಬಂದವರಿಗೆ ಮಾತ್ರ ಅದು ಸೋಲುತ್ತದೆ. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿರುವ ಕ್ಯಾಂಪ್ಟೊಥೆಸಿನ್ ನಡುವೆ ಬಂದು ಕೂತರೆ ಬೆಸುಗೆ ನಿಲ್ಲುತ್ತದೆ, ನಕಲಿಗಿಳಿದ ಕೋಶ ಕೆಡುತ್ತದೆ. ಅದರಿಂದ ತಯಾರಾದ ಟೊಪೊಟೆಕಾನ್ ಕ್ಯಾನ್ಸರಿಗೆ ಮದ್ದು. ಎಳೆ ಕೂಡಿಸಗೊಡದವನನ್ನೂ ವೈದ್ಯನೆಂದು ಕರೆಯಲು ನೇಕಾರರು ಇನ್ನೂ ಒಪ್ಪಿಲ್ಲ.

ಮಾಲೆಯ ತೀರ್ಪು ಬರೆಯುವಷ್ಟರಲ್ಲಿ ಹಗ್ಗದ ಧಣಿ ಬಂದ. "ಬಿಚ್ಚಿದ್ದು ಸಾಕ್ರೀ ಮಾಸ್ತರ, ಮದಲಿನಂಗ ಹೊಸೆದು ಕೊಡ್ರಿ. ಚಕ್ಕಡಿ ಹೂಡಬೇಕು."

ಸಭೆಯಲ್ಲಿ ಹಗ್ಗ ಹೊಸೆಯಲು ಬಲ್ಲವರು ಒಬ್ಬರೂ ಇರಲಿಲ್ಲ.